ಇರುವೆ ಸೋಸಿದ ಬಟ್ಟೆ

"ಬಾಯಾರ, ಇದೇನ್ರಿ ಹಾಲು ಒಡದಂಗ ಒಡದು ಹೋತಲ್ಲ!"

ಸಬ್ ಇನ್ಸ್‌ಪೆಕ್ಟರ್ ಬೀರಸಿದ್ದಪ್ಪ ಟೊಪ್ಪಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೇಜಿನ ಮೇಲೆ ಬಾಗಿದ್ದರು. ಶೋಭಾ ಗಾಜಿನ ಲೋಟದಲ್ಲಿದ್ದ ಜೇನಿನಂಥ ದ್ರವಕ್ಕೆ ಇನ್ನೂ ಸ್ವಲ್ಪ ನೀರು ಹನಿಸಿದಳು. ತಿಳಿಯಾಗಿದ್ದ ದ್ರವದ ಒಳಗಿಂದಲೇ ಬೆಳ್ಳಗಿನದೇನೋ ಎದ್ದು, ದಪ್ಪಗಾಗಿ, ಮೊಸರಿನ ಗಡ್ಡೆಗಳಂತೆ ತೇಲತೊಡಗಿತು.

ಇದು ಆಗಬಾರದಿತ್ತು. ಗಂಡ ಕಾಶಿನಾಥ ಮಾಡಿಟ್ಟ ಈ ದ್ರವಕ್ಕೆ ನೀರು ಹಾಕಿದರೆ ಸುಮ್ಮನೆ ಬೆರೆತು ಹೋಗಬೇಕು, ಅಷ್ಟೇ. ಗೋಕಾಕದ ಕಾಲೇಜಿನಲ್ಲಿ ಇಷ್ಟು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಅಷ್ಟೂ ಗೊತ್ತಿಲ್ಲವೇ?

ಗಾಜಿನ ಕಡ್ಡಿಯಿಂದ ಒಂದು ಗಡ್ಡೆಯನ್ನು ಎತ್ತಿ, ಕೈಗವಸಿನ ಬೆರಳುಗಳ ನಡುವೆ ಹೊಸಕಿದಳು. ಅದು ಒಡೆಯಲಿಲ್ಲ, ಬಟ್ಟೆಯ ಎಳೆಯಂತೆ ಜಗ್ಗಿತು.

"ಅರಿವಿ," ಅಂದಳು. "ಹತ್ತಿ ಅರಿವಿ, ಸಾಹೇಬ್ರ."

"ಅರಿವಿ? ಎಲ್ಲೈತ್ರಿ ಅರಿವಿ? ನನ್ನ ಕಣ್ಣಿಗೆ ಕಾಣಾಕತ್ತಿಲ್ಲ."

"ಕರಗಿ ಹೋಗಿತ್ತು. ಈಗ ನೀರು ಬಿದ್ದ ಮ್ಯಾಲೆ ಹೊಳ್ಳಿ ಬಂದೈತಿ."

ನಿನ್ನೆ ಬೆಳಿಗ್ಗೆ, ಮೂಡಲಗಿ ಊರಾಚೆಯ ಇದೇ ಷೆಡ್ಡಿನಲ್ಲಿ, ಇದೇ ಮೇಜಿನ ಕಾಲ ಬಳಿ ಕಾಶಿನಾಥ ಕೈಕಾಲು ಸೆಟೆದು ಬಿದ್ದಿದ್ದ. ಈಗ ಗೋಕಾಕದ ಸಣ್ಣ ಆಸ್ಪತ್ರೆಯಲ್ಲಿ ಅವನ ಜೀವ ಒಂದು ಎಳೆಯ ಮೇಲೆ ನಿಂತಿದೆ. ಡಾಕ್ಟರು ಬೆಳಿಗ್ಗೆ ಶೋಭಾಳನ್ನು ಹೊರಗೆ ಕರೆದು, ಮುಚ್ಚುಮರೆ ಇಲ್ಲದೆ ಹೇಳಿದ್ದರು.

"ಬಾಯಾರ, ಒಳಗ ಏನು ಹೋಗೇತಿ ಅಂತ ಗೊತ್ತಾಗಲಾರದ ನಾ ಕತ್ತಲದಾಗ ಕಲ್ಲು ಒಗ್ಯಾಕತ್ತೇನಿ. ಇವತ್ತ ಹೊತ್ತು ಮುಳುಗೂದರಾಗ ನನಗೊಂದು ಹೆಸರು ಬೇಕು. ಇಲ್ಲಂದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ಹೆಸರು! ಊರಿನವರ ಬಾಯಲ್ಲಿ ಆ ಹೆಸರು ಆಗಲೇ ಸಿದ್ಧವಾಗಿತ್ತು. ಕೆಮಿಕಲ್ ಗಾಳಿ. ಪೊಲೀಸರ ಕಾಗದದಲ್ಲೂ ಅದೇ, ಪಕ್ಕದ ಗಾಣದವರ ಬಾಯಲ್ಲೂ ಅದೇ. ಅವಳ ಸ್ವಂತ ತಮ್ಮ ಯಲ್ಲಪ್ಪ ಕೂಡ, ಸುದ್ದಿ ಕೇಳಿ ಹುಕ್ಕೇರಿ ಕಡೆಯ ಕಣಗಲಾದಿಂದ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದವನು, ಅಕ್ಕನ ಕೈ ಹಿಡಿದು ಅತ್ತಿದ್ದ. "ಆ ಹಾಳ ಕೆಮಿಕಲ್ ಗಾಳಿ ಮಾಮಾನ ಎದಿಗೆ ಹೊಕ್ಕೈತಿ ಅಕ್ಕಾ. ನಾ ಎಷ್ಟ ಸಲ ಹೇಳಿದ್ದೆ, ಬಿಟ್ಟ ಬಿಡ್ರಿ ಈ ಹುಚ್ಚಾಟ ಅಂತ." ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಅವಳೊಂದಿಗೆ ಎಚ್ಚರವಿದ್ದು, ಬೆಳಿಗ್ಗೆ ಥರ್ಮಾಸಿನಿಂದ ಚಹಾ ಬಗ್ಗಿಸಿ ಕೊಟ್ಟವನೂ ಅವನೇ. ನೀಲಿ ಥರ್ಮಾಸು. ಮುಚ್ಚಳ ಕಳೆದು ಹೋಗದಂತೆ ಶೋಭಾ ತಾನೇ ಕೆಂಪು ದಾರ ಕಟ್ಟಿ, ಹೋದ ಹಬ್ಬದಲ್ಲಿ ಅವ್ವನಿಗೆ ಸಾರು ತುಂಬಿ ಕಳಿಸಿದ್ದು. ಅವ್ವ ಇದನ್ನಾದರೂ ನೆನಪಿಟ್ಟು ಕಳಿಸಿದಳಲ್ಲ ಎಂದು ಆ ಹೊತ್ತಿನಲ್ಲಿ ಕಣ್ಣು ತುಂಬಿ ಬಂದಿತ್ತು.

"ಬಾಯಾರ, ನಾ ಹಳ್ಯಾಂವ. ಸ್ವಲ್ಪ ಬಿಡಿಸಿ ಹೇಳ್ರಿ," ಬೀರಸಿದ್ದಪ್ಪ ಕೇಳಿದರು. "ಕೆಮಿಕಲ್ ಅಂದ ಮ್ಯಾಲೆ ಗಾಳಿ ಹೊಡೀಲಿಕ್ಕೇ ಬೇಕಲ್ಲ?"

"ಇದು ಉಪ್ಪು, ಸಾಹೇಬ್ರ."

"ಉಪ್ಪೇನ್ರಿ? ಕಾಕಂಬಿ ಇದ್ದಂಗ ಐತಿ."

"ಕಾಸಿದ್ರ ನೀರಿಲ್ಲದನ ಹರಿಯೋ ಉಪ್ಪು. ಅಯಾನಿಕ್ ದ್ರವ ಅಂತಾರ. ಪೆಟ್ರೋಲ್ ಹಂಗ ಇದು ಗಾಳಿಗೆ ಹಾರೂದಿಲ್ಲ. ಇದಕ್ಕ ಉಗಿ ಇಲ್ಲ, ವಾಸನಿ ಇಲ್ಲ. ಉಪ್ಪಿನ ಭರಣಿ ಮೂಸಿ ಯಾರರ ಸತ್ತಾರೇನ್ರಿ?"

ಬೀರಸಿದ್ದಪ್ಪ ಲೋಟಕ್ಕೆ ಮೂಗು ಹಚ್ಚಿ, ಉಸಿರೆಳೆದು, ತಲೆಯಾಡಿಸಿದರು. ಒಳ್ಳೆಯ ಮನುಷ್ಯ. ತಿಳಿಯದ್ದನ್ನು ತಿಳಿದವರಂತೆ ತೋರಿಸಿಕೊಳ್ಳುವ ಚಾಳಿ ಅವರಿಗಿರಲಿಲ್ಲ. ಇಲಾಖೆಯಲ್ಲಿ ಮೇಲೆ ಬರದಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಕಾಶಿನಾಥನ ಕನಸು ದೊಡ್ಡದಾಗಿತ್ತು. ಪುಣೆಯ ಪ್ರಯೋಗಶಾಲೆಯ ಕೆಲಸ ಬಿಟ್ಟು, ಎರಡು ಸಾವಿರದ ಏಳರಲ್ಲಿ ಈ ಕಬ್ಬಿನ ಸೀಮೆಗೆ ಬಂದು ಕುಳಿತಿದ್ದ. ಈ ಹರಿಯುವ ಉಪ್ಪಿನಲ್ಲಿ ಸಕ್ಕರೆ ಕರಗುತ್ತದೆ, ಕಬ್ಬಿನ ಸಿಪ್ಪೆಯೂ ಕರಗುತ್ತದೆ. ಅದರೊಳಗೆ ಚಿಟಿಕೆ ಹಸಿರು ಲೋಹದ ಲವಣ ಹಾಕಿ ಕಾಸಿದರೆ, ಆ ಲವಣ ತಾನು ಸವೆಯದೆ ಸಕ್ಕರೆಯನ್ನು ಬೇರೆಯೇ ವಸ್ತುವಾಗಿ ತಿರುಗಿಸುತ್ತದೆ. ಪೆಟ್ರೋಲಿಯಂ ಇಲ್ಲದೆ ಪ್ಲಾಸ್ಟಿಕ್ ಮಾಡಬಲ್ಲ ವಸ್ತು. ಜಗತ್ತಿನ ದೊಡ್ಡ ದೊಡ್ಡವರು ಬೆನ್ನು ಹತ್ತಿದ ಆ ವೇಗವರ್ಧಕವನ್ನು ಮೂಡಲಗಿಯ ತಗಡಿನ ಷೆಡ್ಡಿನಲ್ಲಿ ಪಳಗಿಸಿದ್ದ ಪುಣ್ಯಾತ್ಮ.

ಕಬ್ಬಿನ ಸಿಪ್ಪೆ ಕರಗಿಸುವ ದ್ರವಕ್ಕೆ ಹತ್ತಿ ಬಟ್ಟೆ ಯಾವ ಲೆಕ್ಕ? ಎರಡರ ಒಳಗೂ ಇರುವುದು ಒಂದೇ ನಾರು.

"ಅಂದ್ರ ಯಾರೋ ಇದನ್ನ ಬಿಸಿ ಮಾಡಿ, ಅರಿವ್ಯಾಗ ಸೋಸ್ಯಾರ," ಶೋಭಾ ಅಂದಳು. "ನನ್ನ ಗಂಡ ಸೋಸೂದಿಲ್ಲ. ಅರಿವಿ ಕರಗ್ತೈತಿ ಅನ್ನೂದು ಅವರಿಗೆ ಗೊತ್ತು."

ಕಡ್ಡಿಯ ತುದಿಗೆ ಮತ್ತೇನೋ ಸಿಕ್ಕಿತು. ಉದ್ದನೆಯ ನೀಲಿ ನೂಲು. ಬಟ್ಟೆಯ ಅಂಚಿನದು. ಪಾಲಿಸ್ಟರ್ ಇರಬೇಕು, ಅದೊಂದೇ ಕರಗದೆ ಉಳಿದಿತ್ತು.

"ಎರಡು ಜಾಡಿ ಇದ್ದವು ಅಂದಿದ್ರಿ," ಬೀರಸಿದ್ದಪ್ಪ ಸುತ್ತ ನೋಡಿದರು.

"ಹೌದ್ರಿ. ಇದರಾಗ ಬರೇ ಉಪ್ಪು. ಇನ್ನೊಂದರಾಗ ಹಸಿರು ಹಾಕಿ ತಯಾರ ಮಾಡಿಟ್ಟಿದ್ರು. ಅದ ಇಲ್ಲ."

ಕಪಾಟಿನಲ್ಲಿ ಉಪ್ಪನ್ನು ತೊಳೆದು ಶುದ್ಧ ಮಾಡುವ ದ್ರವದ ಕಂದು ಬಾಟಲಿಯೂ ತಳ ಕಂಡಿತ್ತು. ಕಾಶಿನಾಥನೇ ಖರ್ಚು ಮಾಡಿರಬೇಕೆಂದು ಶೋಭಾ ಅದನ್ನು ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟಳು.

ಅಷ್ಟರಲ್ಲಿ ಹೊರಗೆ ಹೋಗಿದ್ದ ಬೀರಸಿದ್ದಪ್ಪ ಕಿಟಕಿಯಾಚೆಯಿಂದ ಕೂಗಿದರು. "ಬಾಯಾರ, ಇಲ್ಲಿ ಬರ್ರಿ. ಯಾರೋ ಮಾಟ ಮಾಡಿಸ್ಯಾರ!"

ಬೇವಿನ ಗಿಡದ ಬುಡದಲ್ಲಿ, ನೆರಳು ನೋಡಿ, ಒಂದು ಎಲೆ ಇಟ್ಟಿದ್ದರು. ಎಲೆಯ ಮೇಲೆ ಜೇನಿನಂಥ ಅಂಟಿನಲ್ಲಿ ಸಿಕ್ಕಿ ಸತ್ತ ಹತ್ತೆಂಟು ಇರುವೆಗಳು. ಪಕ್ಕದಲ್ಲೇ ಚಿಟಿಕೆ ಸಕ್ಕರೆ. ಬದುಕಿ ಎದ್ದವಕ್ಕೆ ತಿನ್ನಲಿಕ್ಕೆ ಇರಲಿ ಎಂದು ಯಾರೋ ಇಟ್ಟ ಸಕ್ಕರೆ.

ಶೋಭಾ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

ದ್ರವದಲ್ಲಿ ಇರುವೆ ಬಿದ್ದಿದೆ. ಒಲೆಯ ಮೇಲಿಟ್ಟರೆ ಜೀವ ಬೇಯುತ್ತದೆ. ಮನೆಯಲ್ಲಿ ನೀರು ಸೋಸುವ ಕೈ, ಇಲ್ಲೂ ತಾನಾಗಿ ಬಟ್ಟೆಗೆ ಹೋಗಿದೆ. ಸೋಸಿ, ಸಿಕ್ಕ ಜೀವಗಳನ್ನು ಚೆಲ್ಲದೆ, ನೆರಳಿಗೆ ತಂದು ಬಿಟ್ಟಿದೆ. ಹೀಗೆ ಮಾಡುವ ಜೈನರ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಆದರೆ ಈ ಷೆಡ್ಡಿನ ಇನ್ನೊಂದು ಕೀಲಿ ಇರುವುದು ಒಂದೇ ಮನೆಯಲ್ಲಿ.

ಕೌಜಲಗಿಯ ಧರಣೇಂದ್ರ ಕಾಕಾ. ಈ ಜಾಗ ಕೊಟ್ಟವರು, ಬೆನ್ನು ತಟ್ಟಿದವರು, ಅವಳ ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತು ಅಕ್ಕಿಕಾಳು ಹಾಕಿದವರು.

"ಮೊನ್ನೆ ಇಡೀ ದಿನ ಮೂಡಲಗಿ ಕಡೆ ಬಂದಿಲ್ಲ ಅಂತ ಹೇಳಿಕೆ ಕೊಟ್ಟಾರ," ಬೀರಸಿದ್ದಪ್ಪ ನಿಧಾನಕ್ಕೆ ಅಂದರು. "ನನ್ನ ಮುಂದ, ಕೈ ಮುಗದು ಹೇಳಿದ್ರು."

ಶೋಭಾ ಲೋಟವನ್ನು ಎತ್ತಿಕೊಂಡಳು. "ಜೀಪ್ ತಗೀರಿ, ಸಾಹೇಬ್ರ."

ರಸ್ತೆಯ ತುಂಬ ಕಬ್ಬಿನ ಟ್ರಾಕ್ಟರುಗಳು. ಒಂದರ ಹಿಂದೊಂದು, ಎರಡೆರಡು ಡಬ್ಬಿ ಎಳೆದುಕೊಂಡು, ಹಾಡು ಹಚ್ಚಿಕೊಂಡು ಹೊರಟಿದ್ದವು. ಬೀರಸಿದ್ದಪ್ಪ ಹಾರ್ನ್ ಒತ್ತಿ ಒತ್ತಿ ಸಾಕಾದರು. ಶೋಭಾ ಸೂರ್ಯನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಹೊತ್ತು ಮುಳುಗುವುದನ್ನು ಹೀಗೆ ಕಣ್ಣಿಟ್ಟು ಕಾದವಳಲ್ಲ. ಇವತ್ತು ಅದು ಓಡುತ್ತಿದೆ ಎನ್ನಿಸಿತು. ಯಾರ ಮೇಲೆ ಸಿಟ್ಟು ಮಾಡಬೇಕು ತಿಳಿಯದೆ, ಮುಂದಿನ ಟ್ರಾಕ್ಟರಿನವನಿಗೆ ಬಾಯಿಗೆ ಬಂದಂತೆ ಬೈದಳು.

ಆಸ್ಪತ್ರೆಗೆ ಫೋನ್ ಹಚ್ಚಿದಳು. ಯಲ್ಲಪ್ಪ ಎತ್ತಿದ.

"ಹೆಂಗದಾರೋ ತಮ್ಮಾ?"

"ಹಂಗ ಅದಾರಕ್ಕಾ. ಮತ್ತೊಮ್ಮೆ ಕೈಕಾಲು ಸೆಟದಿದ್ವು. ಡಾಕ್ಟರ್ ಸೂಜಿ ಹಾಕಿ ಹೋದ್ರು. ನೀ ಎಲ್ಲಿ ಅದಿ? ಏನರ ಸಿಕ್ತೇನು?"

"ಗಾಳಿ ಅಲ್ಲೋ ಯಲ್ಲಪ್ಪಾ. ಯಾರೋ ಏನೋ ಕೊಟ್ಟಾರ."

ಆ ಕಡೆ ಬಾಗಿಲು ಮುಚ್ಚಿದ ಸದ್ದು ಬಂತು. ಪಾಪ, ಹುಡುಗ ಹೆದರಿದ ಎಂದುಕೊಂಡಳು.

"ನೀ ಚಿಂತಿ ಮಾಡಬ್ಯಾಡಕ್ಕಾ," ಅವನ ಧ್ವನಿ ಮೆತ್ತಗಾಗಿತ್ತು. "ನಾ ಬಾಜೂನ ಕುಂತೇನಿ. ನೀ ಹೊಳ್ಳಿ ಬರೂ ತನಕ ಮಾಮಾನ ಬಿಟ್ಟು ಏಳೂದಿಲ್ಲ."

ಅಷ್ಟು ಸಾಕಾಗಿತ್ತು ಅವಳಿಗೆ. ಇಂಥ ಹೊತ್ತಿನಲ್ಲಿ ಒಡಹುಟ್ಟಿದವನೊಬ್ಬ ಇದ್ದಾನಲ್ಲ ಎಂದು ಫೋನನ್ನು ಎದೆಗೆ ಒತ್ತಿಕೊಂಡಳು.

ಕೌಜಲಗಿಯ ಮನೆಯ ಬಾಗಿಲಲ್ಲೇ ಇಂದ್ರವ್ವ ಎದುರಾದರು. ಧರಣೇಂದ್ರರ ಹೆಂಡತಿ. ಅತ್ತು ಅತ್ತು ಮುಖ ಬಾತಿತ್ತು. ಹಿಂದೆ ಪೊಲೀಸ್ ಸಾಹೇಬರು ನಿಂತಿರುವುದನ್ನೂ ನೋಡದೆ ಶೋಭಾಳ ಕೈ ಹಿಡಿದುಕೊಂಡರು.

"ನೀನರ ಹೇಳವ್ವಾ ಇವರಿಗೆ. ನಿನ್ನೆ ಕಾಶಿನಾಥನ ಸುದ್ದಿ ಬಂದಾಗಿಂದ ಒಂದು ತುತ್ತು ಬಾಯಿಗೆ ಹಾಕಿಲ್ಲ, ಹನಿ ನೀರು ಕುಡದಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾರ. ಏನಾಗೇತಿ ಅಂದ್ರ ಬಾಯಿ ಬಿಡವಲ್ರು."

"ನನ್ನ ಮುಂದ ಬಿಡ್ತಾರ, ಕಾಕು," ಶೋಭಾ ಕೈ ಬಿಡಿಸಿಕೊಂಡು ಒಳಗೆ ನಡೆದಳು.

ಅಡುಗೆಮನೆಯ ಕಟ್ಟೆಯ ಮೇಲೆ ತಾಮ್ರದ ಕೊಡ, ಅದರ ಬಾಯಿಗೆ ಬಿಗಿದ ಬೆಳ್ಳನೆಯ ಹೊಸ ಬಟ್ಟೆ. ಬಟ್ಟೆಗೆ ನೀಲಿ ಅಂಚು. ಶೋಭಾ ನೋಡಿದಳು, ಬೀರಸಿದ್ದಪ್ಪನವರೂ ನೋಡಿದರು.

ಧರಣೇಂದ್ರ ಜಮಖಾನೆಯ ಮೇಲೆ ಮಲಗಿದ್ದರು. ಎತ್ತರದ ಆಳು, ಒಂದೇ ದಿನಕ್ಕೆ ಕುಗ್ಗಿ ಹೋಗಿದ್ದರು. ಶೋಭಾ ಅವರ ಮುಖದ ಮುಂದೆ ಲೋಟವನ್ನು ಟಕ್ಕೆಂದು ಇಟ್ಟಳು. ಅದರ ಮೇಲೆ ನೀಲಿ ನೂಲು ಇಳಿಬಿಟ್ಟಳು.

"ಇದು ನಿಮ್ಮ ಮನಿ ಅರಿವಿ ಹೌದಲ್ರಿ, ಕಾಕಾ?"

ಅವರು ಎದ್ದು ಕುಳಿತರು. ಲೋಟ ನೋಡಿದರು.

"ಹೌದು."

"ಷೆಡ್ಡಿಗೆ ಹೋಗಿಲ್ಲ ಅಂತ ಸುಳ್ಳು ಯಾಕ ಹೇಳಿದ್ರಿ? ನನ್ನ ಗಂಡ ಅಲ್ಲಿ ಸಾಯಾಕತ್ತಾನ. ಮಗ ಮಗ ಅಂತಿದ್ರಲ್ಲ, ಆ ಮಗಗ ಏನು ಕೊಟ್ರಿ ಹೇಳ್ರಿ! ನನಗ ನಿಮ್ಮನ್ನ ಜೈಲಿಗೆ ಹಾಕಸೂದು ಬೇಕಿಲ್ಲ. ಅದರ ಹೆಸರಷ್ಟ ಹೇಳ್ರಿ, ನಿಮ್ಮ ಕಾಲಿಗೆ ಬೀಳ್ತೇನಿ."

ಖರೆಯೇ ಕಾಲಿಗೆ ಬಿದ್ದುಬಿಟ್ಟಳು. ಬೆಳಗಿನಿಂದ ಹಿಡಿದಿಟ್ಟ ಅಳು ಈಗ ಯಾರ ಮಾತೂ ಕೇಳಲಿಲ್ಲ. ಕಾಲೇಜಿನಲ್ಲಿ ಕಟ್ಟುನಿಟ್ಟಿನ ಬಾಯಾರೆಂದು ಹೆಸರಾದವಳು, ನೆಲದ ಮೇಲೆ ಹಣೆ ಇಟ್ಟು ಚಿಕ್ಕ ಹುಡುಗಿಯಂತೆ ಅತ್ತಳು.

"ಏಳವ್ವಾ," ಧರಣೇಂದ್ರರ ಧ್ವನಿ ಬಾವಿಯ ಆಳದಿಂದ ಬಂದಂತಿತ್ತು. "ನಾ ಏನೂ ಕೊಟ್ಟಿಲ್ಲ. ಆದ್ರ ಕೊಂದಾಂವ ನಾನ."

ಇಂದ್ರವ್ವ ಬಾಗಿಲ ಚೌಕಟ್ಟು ಹಿಡಿದು ಕುಸಿದರು. ಬೀರಸಿದ್ದಪ್ಪ ಒಂದು ಹೆಜ್ಜೆ ಮುಂದೆ ಬಂದರು.

"ಮೊನ್ನೆ ಮಧ್ಯಾಹ್ನ ಹೋಗಿದ್ದೆ. ಕಾಶಿನಾಥ ಫ್ಯಾಕ್ಟರಿಗೆ ಸಿಪ್ಪಿ ತರಾಕ ಹೊಂಟಿದ್ದ. ಚಳಿಗೆ ಆ ಉಪ್ಪು ತುಪ್ಪದಂಗ ಗಟ್ಟಿ ಆಗೇತಿ, ಸಣ್ಣ ಉರಿ ಮ್ಯಾಲೆ ಇಟ್ಟು ಕರಗಸ್ರಿ ಕಾಕಾ ಅಂದ. ನೋಡ್ತೇನಿ, ಜಾಡಿ ಬಾಯಿ ತುಂಬ ಇರಿವಿ. ಅಲ್ಲೆ ಸಕ್ಕರಿ ಚೆಲ್ಲಿತ್ತಲ್ಲ."

"ಅದಕ್ಕ ಸೋಸಿದ್ರಿ."

"ಸ್ವಲ್ಪ ಬೆಚ್ಚಗ ಮಾಡಿ, ಮ್ಯಾಲಿನ ಇರಿವಿ ಎಲ್ಲಾ ಎಲಿ ಮ್ಯಾಲೆ ತಗದೆ. ಉಳದದ್ದನ್ನ ಸೋಸೂಣಂತ ಹೆಗಲ ಮ್ಯಾಲಿನ ಅರಿವಿ ಹಿಡಿದೆ. ತಡಾ ಆತು. ಅದು ದಪ್ಪ, ಲಗೂನ ಇಳೀವಲ್ದು. ಮತ್ತ ಕಾಸಿದೆ, ಮತ್ತ ಹಾಕಿದೆ. ನೋಡ ನೋಡೂದರಾಗ ಅರಿವಿ ನಡು ತೂತು ಬಿತ್ತು. ಆಮ್ಯಾಲೆ ಅರಿವಿನ ಇಲ್ಲ ತಂಗಿ! ಕೈಯಾಗ ಅಂಚಷ್ಟ ಉಳೀತು. ನನ್ನ ಜೀವಾನ ಹಾರಿ ಹೋತು."

"ಅವರಿಗೆ ಹೇಳಬಾರದಾಗಿತ್ತೇನ್ರಿ?"

"ಹೆಂಗ ಹೇಳಲಿ? ವರ್ಷಗಟ್ಟಲೆ ಅವ ಜೀವ ತೇದು ಮಾಡಿದ್ದು. ನಾ ಒಂದು ಚಣದಾಗ ಕೆಡಸಿದೆ. ಅವ ಹೊಳ್ಳಿ ಬಂದಾಗ ಮಾತು ಬಾಯಿ ತನಕ ಬಂತು, ಹೊರಗ ಬರಲಿಲ್ಲ. ಮರುದಿನ ಮುಂಜಾನೆ ಅದರ ಮುಂದ ಬಿದ್ದಾನ ಅಂದ್ರು. ನನ್ನ ಅರಿವಿ ಕರಗಿ ವಿಷ ಆತು, ಅದರ ಗಾಳಿ ಅವನ್ನ ತಿಂತು." ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಇರಿವಿ ಉಳಸಾಕ ಹೋಗಿ ಮಗನ್ನ ಕೊಂದೆ ನಾ. ನನಗ್ಯಾಕ ಬೇಕು ಅನ್ನ ನೀರು?"

ಶೋಭಾ ಮುಖ ಒರೆಸಿಕೊಂಡು ಅವರನ್ನೇ ನೋಡಿದಳು. ಈ ಮುದುಕರನ್ನು ಕೊಲೆಗಾರ ಎಂದುಕೊಂಡು ಬಂದಿದ್ದಳು. ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇವರಲ್ಲದಿದ್ದರೆ ಆ ಹೆಸರು ಇನ್ನೆಲ್ಲಿ ಸಿಗಬೇಕು? ಕಿಟಕಿಯ ಬಿಸಿಲು ಆಗಲೇ ಗೋಡೆಯ ಮೇಲೆ ಏರಿ, ಹಳದಿಯಾಗಿತ್ತು.

"ಕಾಕಾ, ಕೇಳ್ರಿ. ಕರಗಿದ ಹತ್ತಿ ವಿಷ ಆಗೂದಿಲ್ಲ. ಈ ಉಪ್ಪಿಗೆ ಗಾಳಿ ಅನ್ನೂದ ಇಲ್ಲ. ನೀವು ಯಾರನ್ನೂ ಕೊಂದಿಲ್ಲ."

ಅವರು ಕೈ ಕೆಳಗಿಳಿಸಿದರು. "ಖರೇನ ಹೇಳ್ತಿ?"

"ನನ್ನ ಗಂಡನ ಆಣಿ. ಈಗ ನೆನಪ ಮಾಡಿ ಹೇಳ್ರಿ. ಸಂಜೀಕ ಹೊಳ್ಳಿ ಬಂದ ಮ್ಯಾಲೆ ಅವರು ಏನರ ತಿಂದ್ರೇನು? ಕುಡದ್ರೇನು?"

"ತಿಂದಿದ್ದಿಲ್ಲ. ಕಬ್ಬಿನ ಹಾಲು ಕುಡದ."

"ನೀವೂ ಕುಡದ್ರೇನು?"

"ನಾ ಹೆಂಗ ಕುಡೀಲಿ? ಹೊತ್ತು ಮುಳುಗಿತ್ತಲ್ಲವ್ವಾ. ನನಗೂ ಒಂದು ಗ್ಲಾಸ್ ಹಾಕಿ ಕೊಟ್ಟಿದ್ರು. ಕೆಡಸೂದು ಯಾಕಂತ ಅದನ್ನೂ ಕಾಶಿನಾಥನ ಕುಡದ. ಸ್ವಲ್ಪ ಕಹಿ ಐತೆಲ್ಲ ಅಂದು, ನಕ್ಕೋತ ಕುಡದ."

ಮದುವೆಯಾದ ಹೊಸದರಲ್ಲಿ, ಶೋಭಾ ಉಪ್ಪು ಹೆಚ್ಚು ಹಾಕಿದ ಪಲ್ಯವನ್ನೂ ಹೀಗೆಯೇ ನಗುತ್ತಾ ತಿಂದಿದ್ದ.

"ಗ್ಲಾಸ್ ಕೈಯಾಗ ಹಿಡಿದಿದ್ರಿ ಅಲ್ಲ? ವಾಸನಿ ಹೆಂಗಿತ್ತು? ನೆನಪ ಮಾಡ್ರಿ ಕಾಕಾ, ಕೈ ಮುಗೀತೇನಿ."

ಧರಣೇಂದ್ರ ಕಣ್ಣು ಮುಚ್ಚಿದರು. "ಹಸಿ ಶುಂಠಿ, ನಿಂಬಿಹಣ್ಣು... ಅದರ ಹಿಂದ ಇನ್ನೊಂದು. ನಮ್ಮ ಮೊಮ್ಮಗಳು ಶ್ರದ್ಧಾ ಉಗುರಿಗೆ ಬಣ್ಣ ಹಚ್ಚಿ, ಮತ್ತ ಒರಸತಾಳಲ್ಲ? ಆ ಒರಸೂ ನೀರಿನಂಥಾ ವಾಸನಿ. ಆವಾಗ ನನ್ನ ಚಿತ್ತ ಅರಿವಿ ಮ್ಯಾಲೆ ಇತ್ತು, ಅದರ ಮ್ಯಾಲೆ ಇರಲಿಲ್ಲ."

ಕಂದು ಬಾಟಲಿ.

ತಳ ಕಂಡ ಆ ಕಂದು ಬಾಟಲಿ! ಕಣ್ಣ ಮುಂದೆಯೇ ಇತ್ತು. ಎತ್ತಿ ನೋಡಿ ಮತ್ತೆ ಕಪಾಟಿನಲ್ಲಿಟ್ಟಿದ್ದಳು. ಅದರಲ್ಲಿದ್ದುದು ಅಸಿಟೋನೈಟ್ರೈಲ್. ಒಳಗೆ ಹೋದ ಕೂಡಲೇ ಅದು ಏನೂ ಮಾಡುವುದಿಲ್ಲ. ಕುಡಿದವನು ನಕ್ಕು, ಮಾತಾಡಿ, ನಡುರಾತ್ರಿ ಮನೆಗೆ ಬಂದು, ಹೆಂಡತಿಯನ್ನು ಎಬ್ಬಿಸದೆ ಉಂಡು ಮಲಗುತ್ತಾನೆ. ದೇಹವೇ ಅದನ್ನು ನಿಧಾನಕ್ಕೆ ಸಯನೈಡ್ ಆಗಿ ತಿರುಗಿಸುತ್ತಾ ಹೋಗುತ್ತದೆ. ಮರುದಿನ ಎದ್ದು ಕೆಲಸಕ್ಕೆ ಹೋದವನು ಅಲ್ಲೇ ಬೀಳುತ್ತಾನೆ. ನೋಡಿದವರು ಗಾಳಿ ಅನ್ನುತ್ತಾರೆ.

ಯಾರು ಎಂಬ ಪ್ರಶ್ನೆ ಅವಳ ತಲೆಗೆ ಬರಲೇ ಇಲ್ಲ. ಹೆಸರು ಸಿಕ್ಕಿತ್ತು. ಫೋನಿನ ಗುಂಡಿಗಳನ್ನು ತಪ್ಪು ಒತ್ತಿ, ಮತ್ತೆ ಒತ್ತಿ, ಡಾಕ್ಟರಿಗೆ ಹಚ್ಚಿದಳು. ಒಂದೇ ಉಸಿರಿಗೆ ಹೇಳಿದಳು.

"ಸಯನೈಡ್!" ಆ ಕಡೆ ಡಾಕ್ಟರು ಕುರ್ಚಿ ಸರಿಸಿ ಎದ್ದ ಸದ್ದು ಬಂತು. "ಅದಕ್ಕ ಔಷಧ ಐತ್ರಿ ಬಾಯಾರ. ನಮ್ಮಲ್ಲಿ ಇಲ್ಲ, ಬೆಳಗಾವಿಯಿಂದ ಬರಬೇಕು. ಅವರು ಆ ಕಡೆಯಿಂದ ತರಲಿ, ನಾನ ಗಾಡಿ ತಗೊಂಡು ಅರ್ಧ ಹಾದಿಗೆ ಹೋಗತೇನಿ. ಇರೂ ಒಬ್ಬ ಸಿಸ್ಟರ್‌ನ ಊರಾಗಿನ ಔಷಧ ಅಂಗಡಿಗಳಿಗೆ ಓಡಸ್ತೇನಿ. ಎಲ್ಲೆರ ಒಂದು ಇದ್ರೂ ಇರಬಹುದು."

"ಉಳೀತಾರೇನ್ರಿ?"

"ಔಷಧ ಮುಟ್ಟೂ ತನಕ ತಡದ್ರ ಉಳೀತಾರ. ಅಲ್ಲಿ ತನಕ ರೋಗಿ ಹತ್ರ ಒಬ್ಬರು ಇರಬೇಕು ನೋಡ್ರಿ. ನಿಮ್ಮ ತಮ್ಮ ಅದಾನಲ್ಲ?"

"ಅದಾನ್ರಿ. ಬಿಟ್ಟು ಏಳೂದಿಲ್ಲ ಅಂದಾನ. ನೀವು ಲಗೂನ ಹೋಗ್ರಿ!"

ಫೋನ್ ಇಟ್ಟಳು. ಹಾಗೇ ಗೋಡೆಗೆ ಒರಗಿ ಕುಳಿತಳು. ಉಳೀತಾರ. ಆ ಒಂದು ಮಾತನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡಳು.

ಇಂದ್ರವ್ವ ಕೊಡದ ಬಾಯಿಯ ಬಟ್ಟೆ ಸರಿಸಿ, ಒಂದು ತಂಬಿಗೆ ನೀರು ತಂದು ಗಂಡನ ಮುಂದೆ ಹಿಡಿದರು. "ಇನ್ನರ ಕುಡೀರಿ. ಹೊತ್ತು ಮುಳುಗಾಕ ಬಂತು. ಮತ್ತ ನಾಳೆ ತನಕ ಮುಟ್ಟಂಗಿಲ್ಲ ನೀವು."

ಧರಣೇಂದ್ರ ತಂಬಿಗೆ ತೆಗೆದುಕೊಂಡರು. ತುಟಿಯ ತನಕ ಒಯ್ದವರು ಅಲ್ಲೇ ನಿಲ್ಲಿಸಿದರು. ಅವರ ಹುಬ್ಬು ಗಂಟಿಕ್ಕಿತ್ತು.

"ಹಂಗಾದ್ರ ತಂಗಿ, ನೀ ಕಳಿಸಿದ ಹಾಲಿನಾಗ ಅದನ್ನ ಯಾರು ಬೆರಸಿದ್ರು?"

"ನಾ ಕಳಿಸಿದ್ದು?" ಶೋಭಾ ತಲೆ ಎತ್ತಿದಳು. "ನಾ ಏನೂ ಕಳಿಸಿಲ್ಲ ಕಾಕಾ. ಬಾಜೂ ಗಾಣದಿಂದ ತರಿಸಿರಬೇಕು."

"ಇಲ್ಲವ್ವಾ. ಥರ್ಮಾಸ್‌ನಾಗ ಬಂದಿತ್ತು. ಅಕ್ಕ ಕಳಸ್ಯಾಳ ಅಂದ."

"ಯಾರು ಅಂದ್ರು?"

"ನಿನ್ನ ತಮ್ಮನ. ಯಲ್ಲಪ್ಪ."

"ಅವ ಅಲ್ಲೆ ಬಂದೇ ಇಲ್ಲ, ಕಾಕಾ! ಸುದ್ದಿ ಕೇಳಿ ನಿನ್ನೆ ಕಣಗಲಾದಿಂದ..." ಮಾತು ಅರ್ಧಕ್ಕೆ ನಿಂತಿತು.

"ಬಂದಿದ್ದ ತಂಗಿ. ಕಪಾಟಿನ ಬಾಜೂಕ ನಿಂತು ಗ್ಲಾಸ್ ತೊಳದು, ತಾನ ಹಾಕಿ ಕೊಟ್ಟ. ತನಗಷ್ಟ ಹಾಕ್ಕೊಳ್ಳಲಿಲ್ಲ, ನೆಗಡಿ ಆಗೇತಿ ಅಂದ. ನಾ ಹೊಂಟಾಗ ಆ ಹಸರು ಜಾಡಿ ತಗದು ಚೀಲದಾಗ ಇಟಗೊಳ್ಳಾಕತ್ತಿದ್ದ. ಅಕ್ಕಗ ಒಯ್ದು ತೋರಿಸಬೇಕು ಅಂದ. ಮನ್ಯಾಂವ ಅಂತ ನಾ ಏನೂ ಕೇಳಲಿಲ್ಲ."

"ಥರ್ಮಾಸ್..." ಶೋಭಾ ಗೋಡೆ ಹಿಡಿದು ಎದ್ದಳು. "ಥರ್ಮಾಸ್ ಯಾವ ಬಣ್ಣದ್ದು?"

"ನೀಲಿ. ಮುಚ್ಚಳಕ್ಕ ಕೆಂಪು ದಾರ ಕಟ್ಟಿತ್ತು ನೋಡು."

ಬೀರಸಿದ್ದಪ್ಪ ಪೂರ್ತಿ ಕೇಳಲು ನಿಲ್ಲಲಿಲ್ಲ. ಗೋಕಾಕ ಠಾಣೆಗೆ ವೈರ್‌ಲೆಸ್ ಮಾಡಲು ಜೀಪಿನತ್ತ ಓಡಿದರು. ಹೊರಗೆ ಅವರ ಕೂಗು ಕೇಳುತ್ತಿತ್ತು, ಉತ್ತರವಾಗಿ ಬರೀ ಗೊರಗೊರ ಸದ್ದು ಬರುತ್ತಿತ್ತು.

ಕೆಲವು ವಾರಗಳಿಂದ ಆ ಹಸಿರು ಪುಡಿ ಏನು, ಎಷ್ಟು ಹಾಕುತ್ತಾರೆ ಎಂದು ಕೆದಕಿ ಕೆದಕಿ ಕೇಳಿದ್ದವನು ಯಲ್ಲಪ್ಪ. ಮೈದಡವಿ, ತಮ್ಮನಿಗೂ ವಿಜ್ಞಾನದ ರುಚಿ ಹತ್ತಿತಲ್ಲ ಎಂದು ಹಿಗ್ಗಿದವಳು ಶೋಭಾ. ಕಣಗಲಾದ ಹೆದ್ದಾರಿಯಲ್ಲಿ ಯಾವುದೋ ಕಂಪನಿಯವರ ಕಾರು ಬಂದು ನಿಲ್ಲುತ್ತದೆಂದು ಅವ್ವ ಹೇಳಿದ್ದಳು. ಅದನ್ನೂ ಕೇಳಿ ಮರೆತಿದ್ದಳು. ಎಲ್ಲಕ್ಕಿಂತ ಮೇಲೆ, ಗಾಳಿ ಅಲ್ಲ, ಯಾರೋ ಏನೋ ಕೊಟ್ಟಿದ್ದಾರೆ ಎಂದು ಅವನಿಗೆ ತಾನೇ ಹೇಳಿದ್ದಳು. ಡಾಕ್ಟರನ್ನೂ ಸಿಸ್ಟರನ್ನೂ ಕೋಣೆಯಿಂದ ಹೊರಗೆ ಓಡಿಸಿದವಳೂ ತಾನೇ.

ತಮ್ಮನ ನಂಬರು ಒತ್ತಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಎತ್ತೋ, ಎತ್ತೋ ಎಂದು ಗೋಡೆಗೆ ಹಣೆ ಬಡಿದುಕೊಂಡಳು. ಧರಣೇಂದ್ರರ ಕೈಯ ನೀರು ಜಮಖಾನೆಯ ಮೇಲೆ ಚೆಲ್ಲಿ ಹರಿಯುತ್ತಿತ್ತು.

"ಅಕ್ಕಾ," ಯಲ್ಲಪ್ಪನ ಧ್ವನಿ. ಮೆತ್ತಗೆ, ಅಕ್ಕರೆಯಿಂದ. "ಈಗಷ್ಟ ನಿನಗ ಫೋನ್ ಮಾಡಬೇಕು ಅನ್ನಾಕತ್ತಿದ್ದೆ. ಚಲೋ ಸುದ್ದಿ ಐತಿ. ಮಾಮಾ ಕಣ್ಣ ತಗದಾರ."

"ಯಲ್ಲಪ್ಪಾ... ತಮ್ಮಾ... ಅಲ್ಲೆ ಯಾರದಾರೋ? ಯಾರಿಗರ ಫೋನ್ ಕೊಡು!"

"ಯಾರೂ ಇಲ್ಲಕ್ಕಾ. ಎಲ್ಲಾರೂ ಔಷಧ ಔಷಧ ಅಂತ ಓಡ್ಯಾರ. ನಾ ಒಬ್ಬನ ಅದೇನಿ. ಪಾಪ, ಬಾಯಿ ಒಣಗೇತಿ ಅಂತ. ನೀರು ನೀರು ಅನ್ನಾಕತ್ತಾರ."

"ಕೊಡಬ್ಯಾಡ! ಏನೂ ಕೊಡಬ್ಯಾಡೋ ಅವರಿಗೆ, ನಿನ್ನ ಕಾಲಿಗೆ ಬೀಳ್ತೇನಿ!"

"ಹಂಗ್ಯಾಕ ಅಂತಿ ಅಕ್ಕಾ," ಅಂದ ಅವನು. "ಕೇಳಿದವರಿಗೆ ಇಲ್ಲ ಅನ್ನಬಾರದು."

ಅವನ ಮಾತಿನ ಹಿಂದೆ, ಥರ್ಮಾಸಿನ ಮುಚ್ಚಳ ತಿರುಗುವ ಸದ್ದು ಕೇಳಿಸಿತು.